ಉತ್ತರದ ಸೂರಿನ ನೀರು

ಸೇಂಟ್ ಆಗ್ನಿಸ್ ಚರ್ಚಿನ ಪಾರುಪತ್ಯಗಾರನೆಂದು ಊರಲ್ಲೆಲ್ಲ ಮೆರೆದ ನನ್ನ ಅಪ್ಪನಿಗೆ,

ನೀನು ಸತ್ತ ಮೇಲೆ ಬರೆಯುತ್ತಿದ್ದೇನೆ. ಬದುಕಿದ್ದಾಗ ನಿನ್ನೆದುರು ಬಾಯಿ ತೆರೆದವರು ನಮ್ಮ ಮನೆಯಲ್ಲಿ ಯಾರಿದ್ದರು?

ಆ ಚರ್ಚೆಂದರೆ ನಿನಗೆ ಪ್ರಾಣ. ನಾರ್ವಿಚ್‌ನಿಂದ ಯಾರೇ ನೋಡಲು ಬರಲಿ, ಟೋಪಿಯನ್ನು ಕಂಕುಳಲ್ಲಿಟ್ಟು ಹೊರಡುತ್ತಿದ್ದೆ. ಚಕಮಕಿ ಕಲ್ಲಿನ ದುಂಡು ಗೋಪುರ ತೋರಿಸಿ, ಉತ್ತರದ ಗೋಡೆಯಲ್ಲಿ ಇಟ್ಟಿಗೆಯಿಟ್ಟು ಮುಚ್ಚಿದ ಬಾಗಿಲಿಗೆ ಕರೆತರುತ್ತಿದ್ದೆ. ಅದರ ಕಮಾನಿಗೆ ಗರಗಸದ ಹಲ್ಲಿನಂಥ ಕೆತ್ತನೆ. "ಎಂಟುನೂರು ವರ್ಷ ಆಯ್ತು ಸ್ವಾಮಿ! ಕೂಸಿಗೆ ದೀಕ್ಷಾಸ್ನಾನ ಮಾಡಿಸೋವಾಗ ಇದನ್ನ ತೆಗೀತಿದ್ರು, ಸೈತಾನ ಹೊರಗೋಡ್ಲಿ ಅಂತ" ಎಂದು ನಗುತ್ತಿದ್ದೆ.

ನನ್ನ ಕೂಸು ಹುಟ್ಟಿದ ದಿನ ನೀನು ನಮ್ಮ ಮನೆ ಬಾಗಿಲಿಗೆ ಅಗುಳಿ ಹಾಕಿದೆ. ಗಂಡನಿಲ್ಲದ ಹತ್ತೊಂಬತ್ತರ ಹುಡುಗಿ ನಾನು. ಮಗು ಉಸಿರಿಗೆ ಒದ್ದಾಡುತ್ತಿತ್ತು. "ಪಾದ್ರಿನ ಕರೆಸಪ್ಪಾ, ತಲೆ ಮೇಲೆ ನಾಲ್ಕು ಹನಿ ಹಾಕ್ಲಿ" ಎಂದು ಕೈಮುಗಿದೆ. "ಊರಿಗೆಲ್ಲ ಡಂಗುರ ಹೊಡೆಸ್ಬೇಕಾ? ಸುಮ್ನೆ ಬಿದ್ಕೋ" ಎಂದೆ ನೀನು. ಹಾಲು ಕರೆಯುವ ಹೊತ್ತಿಗೆ ನನ್ನ ಮಗಳು ತೀರಿಹೋದಳು. ಅಂಥ ಹೊತ್ತಿನಲ್ಲಿ ಹೆತ್ತವಳೇ ದೀಕ್ಷೆಯ ನೀರು ಹಾಕಬಹುದಂತೆ. ನಿನಗದು ಗೊತ್ತಿತ್ತು, ಹೇಳಲಿಲ್ಲ.

ದೀಕ್ಷೆಯಾಗದ ಮಗುವಿಗೆ ಸಮಾಧಿಗಳ ಸಾಲಿನಲ್ಲಿ ಜಾಗವಿಲ್ಲ ಎಂದವನೂ ನೀನೇ. ಗುಂಡಿ ತೋಡುವ ಮುದುಕ ಜೆತ್ರೋ ನಿನ್ನ ಕಣ್ಣು ತಪ್ಪಿಸಿ, ಅವಳನ್ನು ಆ ಮುಚ್ಚಿದ ಬಾಗಿಲ ಪಕ್ಕ, ಸೂರಿನ ಕೆಳಗೆ ಮಲಗಿಸಿದ. "ಅಳ್ಬೇಡ ಕಣಮ್ಮಾ. ಹಿಂದಿನವರೂ ಹೀಗೇ ಮಾಡ್ತಿದ್ರು. ಚರ್ಚಿನ ಮಾಡಿಂದ ಇಳಿಯೋ ನೀರು ಪಾದ್ರಿ ನೀರಿಗೇನು ಕಡಿಮೆಯಲ್ಲ" ಎಂದ. ಆ ಮಾತು ಹಿಡಿದುಕೊಂಡು ನಾನು ಬದುಕಿದೆ. ಮೋಡ ಕವಿದರೆ ಸಾಕು, ಜೀವಕ್ಕೆ ಸಮಾಧಾನವಾಗುತ್ತಿತ್ತು.

ಅದು ನಿನ್ನ ಕಿವಿಗೆ ಬಿತ್ತು. "ಸೂರಿನ ನೀರು ಪಾಪ ತೊಳೆಯೋದಾದ್ರೆ ನಮ್ಮೂರ ಬಾತುಕೋಳಿಗಳೆಲ್ಲ ಸಂತರಾಗ್ಬೇಕಿತ್ತು" ಎಂದು ನಕ್ಕೆ. ಆ ತಿಂಗಳೇ ಉತ್ತರದ ಸೂರಿಗೆ, ಮಳೆನೀರು ಕೆಳಗೆ ಬೀಳದಂತೆ ಹಿಡಿದು ಸಾಗಿಸುವ ಕಬ್ಬಿಣದ ದೋಣಿ ಬಂತು. ಗೋಡೆ ಹಾಳಾಗುತ್ತಿದೆ ಎಂಬುದು ನೆಪ. ನೀರು ಕೂಡುವ ಡಬ್ಬದ ಮೇಲೆ ನಿನ್ನ ಹೆಸರನ್ನೂ ಅಚ್ಚು ಹಾಕಿಸಿದೆ. ಬಿಷಪ್ಪರು ಬೆನ್ನು ತಟ್ಟಿದರು. ನನ್ನ ಮಗಳಿಗೆ ಒಂದು ಹನಿಯೂ ದಕ್ಕದಂತಾಯಿತು.

ಸಾಯುವಾಗ ನನ್ನ ಕೈ ಹಿಡಿದೆ. "ನನ್ನನ್ನ ದಕ್ಷಿಣದ ಗೋಡೆ ಬುಡಕ್ಕೇ ಇಡ್ಸು ಹೆಸ್ಟರ್. ಮಾಡಿನ ನೀರು ಬೀಳೋ ಕಡೆ." ನನಗೆ ಬಾತುಕೋಳಿ ನೆನಪಾಯಿತು. ಆಗಲಪ್ಪಾ ಎಂದೆ. ಹೇಳಿದ ಜಾಗದಲ್ಲೇ ಇಡಿಸಿದೆ.

ಈಗ ಪಾರುಪತ್ಯ ನನ್ನದು. ನಿನ್ನೆ ಏಣಿ ಹಾಕಿಸಿ ಉತ್ತರದ ದೋಣಿ ಕಳಚಿಸಿದೆ. "ಗೋಡೆ ನೆನೆಯುತ್ತಲ್ಲಾ ಅಮ್ಮಾ" ಎಂದ ಕೆಲಸದವನು. "ಎಂಟುನೂರು ವರ್ಷ ನೆಂದಿದೆ, ಇನ್ನಷ್ಟು ನೆನೀಲಿ ಬಿಡಪ್ಪಾ" ಎಂದೆ. ಕಬ್ಬಿಣ ಇನ್ನೂ ಗಟ್ಟಿಯಾಗಿದೆ, ಬಿಸಾಡಲು ಮನಸ್ಸಾಗಲಿಲ್ಲ. ನಿನ್ನ ಹೆಸರಿನ ಡಬ್ಬದ ಸಮೇತ ದಕ್ಷಿಣದ ಸೂರಿಗೆ, ನಿನ್ನ ನೆತ್ತಿಯ ಮೇಲೇ ಕಟ್ಟಿಸಿದೆ.

ಇವತ್ತು ಬೆಳಗಿನಿಂದ ಮಳೆ. ಉತ್ತರದ ಮಾಡಿನಿಂದ ಧಾರೆಯಾಗಿ ಇಳಿಯುತ್ತಿದೆ. ಛತ್ರಿ ಮಡಚಿ ಅದರಡಿ ನಿಂತು ನನ್ನ ಮಗಳಿಗೆ ಹೆಸರಿಟ್ಟೆ. ಏನೆಂದು ನಿನಗೆ ಹೇಳುವುದಿಲ್ಲ. ಆಮೇಲೆ ನಿನ್ನ ಕಡೆ ಬಂದು, ಬಗ್ಗಿ ಮಣ್ಣು ಮುಟ್ಟಿ ನೋಡಿದೆ. ಒಣಗಿತ್ತು.

ಮಳೆ ಚೆನ್ನಾಗಿ ಬರಲಿ, ನಿನ್ನ ದೋಣಿ ಎಂದೂ ಸೋರದಿರಲಿ ಎಂದು ಹರಸುವ,
ನಿನ್ನ ಮಗಳು
ಹೆಸ್ಟರ್