ಈ ಸಲದ ಬಿಡಾರ

ರೀ,

ನೀವು ಲಿಂಗಸುಗೂರು ಕಚೇರಿಯಿಂದ ಬರುವಷ್ಟರಲ್ಲಿ ನಾನು, ಅತ್ತೆಯವರು, ಮಕ್ಕಳು ಪ್ರತಿ ವರ್ಷದ ಎರಡು ದಿನದ ಬಿಡಾರಕ್ಕೆ ಸಾಮಾನು ಹೇರಿಕೊಂಡು ಬಂಡಿಯಲ್ಲಿ ಮಸ್ಕಿ ಗುಡ್ಡದ ಬುಡ ಸೇರಿರುತ್ತೇವೆ.

ಈ ಸಲ ಡೇರೆ ನಿಮ್ಮ ಹುಣಸೆಮರದ ಕೆಳಗಲ್ಲ, ಬಾವಿಯ ಪಕ್ಕದಲ್ಲಿ. ಹುಣಸೆಯ ನೆರಳು ಇಸ್ಪೀಟಿಗೆ ಬಲು ಚೆಂದ, ಒಪ್ಪಿದೆ. ಆದರೆ ಅಲ್ಲಿಂದ ಬಾವಿಗೆ ಮುಕ್ಕಾಲು ಮೈಲಿ. ಮೂರು ವರ್ಷ ಕೊಡ ಹೊತ್ತವರು ಇಸ್ಪೀಟು ಆಡಿದವರಲ್ಲ. ಹೋದ ವರ್ಷ ಕೇಳಿದ್ದಕ್ಕೆ, "ಹೆಂಗಸರಿಗೇನ್ ಗೊತ್ತಾಕೈತಿ ಜಾಗದ ಸಂಗತಿ?" ಅಂದಿರಿ. ಜಾಗದ್ದು ಇರಲಿ, ತುಂಬಿದ ಕೊಡದ ಭಾರ ಚೆನ್ನಾಗಿ ಗೊತ್ತಿದೆ.

ಮೊದಲ ಒಲೆ ಹೂಡಿ ಹಾಲು ಉಕ್ಕಿಸಿದ ಜಾಗದಿಂದ ಬಿಡಾರ ಕೀಳಬಾರದೆಂಬುದು ನಿಮ್ಮ ಮನೆತನದ್ದೇ ಕಟ್ಟಳೆ. ಹಾಲಿನ ಚೊಂಬು ಈಗ ನನ್ನ ಕೈಯಲ್ಲಿದೆ. "ಅವ ಬರೂದ್ರಾಗ ಉಕ್ಕಿಸಿಬಿಡವಾ" ಅಂದವರು ನಿಮ್ಮ ತಾಯಿಯೇ.

ಎಮ್ಮೆಯನ್ನು ಪಕ್ಕದ ಮನೆಯ ಗ್ಯಾನಮ್ಮ ನೋಡಿಕೊಳ್ಳುತ್ತಾಳೆ. ಬೀಗದ ಕೈ ಅವಳಿಗೇ ಕೊಟ್ಟು ಬನ್ನಿ. ಕಂಬಳಿ ಮರೆಯಬೇಡಿ. ಗುಡ್ಡದ ಚಳಿಗೆ ನಿಮಗೆ ಕೆಮ್ಮು ಏಳುತ್ತದೆ.

ಹುಣಸೆಯ ಕೆಳಗೇ ಇಳಿಯುತ್ತೇನೆಂದರೆ ಧಾರಾಳವಾಗಿ ಇಳಿಯಿರಿ. ಊಟ ಮಾತ್ರ ಬಾವಿಯ ಬಳಿ.

ಶೇಖರಮ್ಮ