ನಾವು ನೋಡದೆ ಬಂದ ಕಡಲು

ಬೀಗಿತ್ತಿಯವರಿಗೆ,

ಹೀಗೆ ಕರೆದರೆ ನಿಮಗೆ ಆಗುತ್ತಿರಲಿಲ್ಲ. "ಸುಮಿತ್ರಾ ಅಂತ ಚೆನ್ನಾಗಿರೋ ಹೆಸರಿದೆಯಲ್ರೀ, ಬೀಗಿತ್ತಿ ಅಂದ್ರೆ ಯಾರೋ ಜಗಳಕ್ಕೆ ಬಂದವರ ಥರ ಕೇಳ್ಸುತ್ತೆ" ಎನ್ನುತ್ತಿದ್ದಿರಿ. ಆದರೂ ನನ್ನ ಬಾಯಿಗೆ ಮೊದಲು ಬರುವುದು ಅದೇ. ಹೆಣ್ಣು ಕೊಟ್ಟವರು ಸ್ವಲ್ಪ ತಗ್ಗಿ ನಡೆಯಬೇಕು ಎಂದು ನಮ್ಮಮ್ಮ ಮೈಸೂರಿನಲ್ಲಿ ಕಲಿಸಿದ್ದು, ಇಷ್ಟು ವರ್ಷ ಇಲ್ಲಿ ಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಸಂಸಾರ ಮಾಡಿದರೂ ಹೋಗಿಲ್ಲ. ಗಂಡಿನ ತಾಯಿ ಅಂತ ದರ್ಬಾರು ಮಾಡಬಾರದು ಎಂದು ನಿಮಗೆ ಯಾರು ಕಲಿಸಿದರೋ! ಇಬ್ಬರೂ ತಗ್ಗಿದೆವು. ಪೈಪೋಟಿಯ ಮೇಲೆ ತಗ್ಗಿದೆವು. ಅದರ ಫಲವೇ ನಾನು ಇವತ್ತು ಕೂತು ಬರೆಯುತ್ತಿರುವ ಈ ಕಾಗದ.

ಮಕ್ಕಳು ನಮಗೆ ಟಿಕೆಟ್ ಕೊಟ್ಟ ದಿನ ನೆನಪಿದೆಯೇ? ಬಾಸ್ಕಿಂಗ್ ರಿಡ್ಜಿನ ನಿಮ್ಮ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟ. ಬಿಸಿಬೇಳೆಬಾತ್ ಬಡಿಸುತ್ತಿದ್ದ ನಿಮ್ಮ ಕೈ ಹಿಡಿದು ನನ್ನ ಮಗಳು ಅನಘಾ, "ಅತ್ತೆ, ನೀವೂ ಅಮ್ಮಾನೂ ಲಿಸ್ಬನ್‌ಗೆ ಹೋಗ್ತಿದ್ದೀರ. ಲಾಂಗ್ ವೀಕೆಂಡ್, ನಾವ್ಯಾರೂ ಬರಲ್ಲ" ಎಂದಳು. ನಿಮ್ಮ ಮಗ ನಿಖಿಲ್ ನನ್ನ ಕಡೆ ತಿರುಗಿ, "ಯೂ ಟೂ ಆರ್ ಟೂ ಫಾರ್ಮಲ್, ಆಂಟಿ. ಗೋ ಹ್ಯಾವ್ ಸಮ್ ಫನ್" ಎಂದ. ನೀವು ಮಾತ್ರ ಸೌಟು ಹಿಡಿದುಕೊಂಡೇ ಕೇಳಿದಿರಿ, "ಲಿಸ್ಬನ್ ಅಂದ್ರೆ ಪೋರ್ಚುಗಲ್ ಅಲ್ವಾ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಿರಿ. ನಾನು ಜಾಣೆ, ನಿಮಗೆ ಭೂಗೋಳದ ಅನುಮಾನ ಎಂದುಕೊಂಡು ಫೋನಿನಲ್ಲಿ ಮ್ಯಾಪ್ ತೆಗೆದು ತೋರಿಸಿದೆ. ಅಲ್ಲಿ ನಿಮ್ಮ ಬೆರಳು ಊರಿನ ಮೇಲಲ್ಲ, ಪಕ್ಕದ ನೀಲಿಯ ಮೇಲೆ ಹೋಗಿ ನಿಂತಿತ್ತು. ನೋಡಿದೆ. ನೋಡಿಯೂ...

ಪ್ಲಾನ್ ಮಾಡುವ ಕೆಲಸ ನನ್ನದಾಯಿತು. ನೀವು ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. ಹಾಗಾಗಿ ಕೋಟೆ, ಹಳೆಯ ಮಠ, ಇನ್ನೊಂದು ಕೋಟೆ ಎಂದು ಶನಿವಾರವನ್ನೆಲ್ಲ ಕಲ್ಲುಗಳಿಂದ ತುಂಬಿಸಿದೆ. ನಿಮಗೂ ನನ್ನ ಬಗ್ಗೆ ಒಂದು ನಂಬಿಕೆಯಿತ್ತು. ಮನೆಯ ಬಾತ್‌ರೂಮ್ ರಿನೊವೇಟ್ ಮಾಡಿಸುವಾಗ ಒಂದು ಸಲ ನಾನು ನಿಮ್ಮ ಹತ್ತಿರ ಟೈಲ್ಸ್ ಬಗ್ಗೆ ಗೋಳಾಡಿದ್ದೆ. ಅಷ್ಟಕ್ಕೇ ನನಗೆ ಟೈಲ್ಸ್ ಅಂದರೆ ಪ್ರಾಣ ಎಂದು ತೀರ್ಮಾನಿಸಿ, "ಭಾನುವಾರ ಟೈಲ್ಸ್ ಮ್ಯೂಸಿಯಮ್‌ಗೆ ಹೋಗೋಣ, ನಿಮಗೋಸ್ಕರ" ಎಂದಿರಿ. ಅಯ್ಯೋ, ಬೇಡ ಎಂದರೆ ನೀವು ಏನೆಂದುಕೊಳ್ಳುತ್ತೀರೋ ಎಂದು ಕುಣಿದಾಡುವವಳ ಹಾಗೆ ಒಪ್ಪಿಕೊಂಡೆ.

ಕೋಟೆ ಹತ್ತಿದ್ದನ್ನು ನೆನೆದರೆ ಈಗಲೂ ಮಂಡಿ ನೋಯುತ್ತದೆ. ಆ ಊರಿನ ಬೀದಿಗಳೆಲ್ಲ ಒಂದೋ ಹತ್ತು, ಇಲ್ಲವೇ ಇಳಿ. ಸಣ್ಣ ಸಣ್ಣ ಕಲ್ಲು ಹಾಸಿದ ರಸ್ತೆ ಬೇರೆ, ಜಾರುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ನಾನು "ಸುಸ್ತಾಯ್ತಾ? ವಾಪಸ್ ಹೋಗೋಣ್ವಾ?" ಎನ್ನುವುದು, ನೀವು "ಛೆ ಛೆ, ನನಗೇನಿಲ್ಲ, ನಿಮಗೆ ಆಗುತ್ತಾ?" ಎನ್ನುವುದು. ಮೊದಲು ಸಾಕು ಎಂದವರು ಸೋತ ಹಾಗೆ! ಕಾಫಿ ಅಂಗಡಿಯಲ್ಲಿ ಕೂತಾಗ ಆ ಊರಿನ ಕಸ್ಟರ್ಡ್ ತಿಂಡಿ ತರಿಸಿದ್ದು ಮೂರು, ತಿಂದಿದ್ದು ಎರಡು. ಉಳಿದ ಒಂದನ್ನು ನಾನು ನಿಮ್ಮ ಕಡೆ ತಳ್ಳಿದೆ, ನೀವು ನನ್ನ ಕಡೆ ತಳ್ಳಿದಿರಿ. "ತಗೊಳ್ರೀ", "ಇಲ್ಲಪ್ಪ, ಹೊಟ್ಟೆ ತುಂಬಿದೆ, ನೀವೇ ತಗೊಳ್ಳಿ". ಕೊನೆಗೆ ಪರಿಚಾರಕ ಬಂದು ತಟ್ಟೆಯನ್ನು ಎತ್ತಿಕೊಂಡು ಹೋದ. ನಾವಿಬ್ಬರೂ ಅವನ ಬೆನ್ನನ್ನೇ ನೋಡುತ್ತ ಕೂತೆವು. ನನಗಂತೂ ಇನ್ನೊಂದು ತಿನ್ನಬೇಕೆನಿಸಿತ್ತು ಸುಮಿತ್ರಾ. ನಿಮಗೂ, ಅಲ್ಲವೇ?

ಕೋಟೆಯ ಮೇಲೆ ಗೋಡೆಗೆ ಒರಗಿ ನಿಂತು ನೀವು ದೂರ ನೋಡಿದಿರಿ. ಕೆಳಗೆ ಕೆಂಪು ಹೆಂಚಿನ ಮನೆಗಳು, ಅದರಾಚೆ ಅಗಲವಾದ ನೀರು. "ಅದು ಸಮುದ್ರನಾ ವಿಮಲಾ?" ಎಂದು ಕೇಳಿದಿರಿ. "ಅಲ್ಲ, ನದಿ. ಸಮುದ್ರಕ್ಕೆ ರೈಲಲ್ಲಿ ಹೋಗ್ಬೇಕಂತೆ, ಮುಕ್ಕಾಲು ಗಂಟೆ. ಬರೀ ಬೀಚು, ನಮ್ಮ ಜೆರ್ಸಿ ಶೋರ್ ಥರಾನೇ. ನೋಡೋಕೆ ಏನೂ ಇರಲ್ಲ" ಎಂದೆ. ನೀವು "ಹೌದಾ" ಎಂದಿರಿ. ಅಷ್ಟೇ. ಈಗ ನನಗೆ ಕೇಳಿಸುವುದು ಆ ಒಂದು "ಹೌದಾ". ಅಡುಗೆ ಮಾಡುವಾಗ, ರೂಟ್ ಒನ್‌ನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡು ಕೂತಾಗ ಕೇಳಿಸುತ್ತದೆ. ನಾನೇಕೆ ಒಮ್ಮೆ ನಿಮ್ಮ ಮುಖ ನೋಡಲಿಲ್ಲ?

ಭಾನುವಾರ ಮ್ಯೂಸಿಯಮ್ಮಿನಲ್ಲಿ ನೀವು ಪ್ರತಿ ಗೋಡೆಯ ಮುಂದೆಯೂ ನನಗಾಗಿ ನಿಂತಿರಿ, ನಾನು ನಿಮಗಾಗಿ ನಿಂತೆ. ಹೊರಡುವಾಗ ಅಂಗಡಿಯಲ್ಲಿ ನೀಲಿ ಹಡಗಿನ ಒಂದು ಟೈಲ್ ಕೊಂಡು, ರೂಮಿಗೆ ಬಂದು ಹತ್ತಿಯ ಸೀರೆಯಲ್ಲಿ ಸುತ್ತಿ ನನ್ನ ಸೂಟ್‌ಕೇಸಿನಲ್ಲಿ ಇಟ್ಟಿರಿ. "ನಿಮ್ಮ ಅಡುಗೆಮನೆಗೆ" ಎಂದಿರಿ. ಎಷ್ಟು ಚೆನ್ನಾಗಿದೆ ಎಂದು ನಾನು ಹೊಗಳಿದ್ದೇ ಹೊಗಳಿದ್ದು.

ಸೋಮವಾರ ಏರ್‌ಪೋರ್ಟಿನಲ್ಲಿ, ಸೆಕ್ಯುರಿಟಿ ಮುಗಿದು ಕೂತ ಮೇಲೆ, ಇನ್ನು ಎಲ್ಲಿಗೂ ಹೋಗಲು ಆಗುವುದಿಲ್ಲ ಎಂದು ಖಾತ್ರಿಯಾದ ಮೇಲೆ, ನೀವು ಬಾಯಿ ಬಿಟ್ಟಿರಿ. "ನಮ್ಮ ಯಜಮಾನ್ರು ಇದ್ದಾಗ ಪಾಯಿಂಟ್ ಪ್ಲೆಸೆಂಟ್ ಬೀಚಿಗೆ ಹೋಗ್ತಿದ್ವಿ. ಅವರು ಕೈ ತೋರಿಸಿ, ಇಲ್ಲಿಂದ ನೇರ ಹೋದ್ರೆ ಪೋರ್ಚುಗಲ್ ಕಣೇ, ಒಂದ್ಸಲ ಆ ಕಡೆಯಿಂದ ನಿಂತು ನೋಡೋಣ ಅಂತಿದ್ರು." ಕೋವಿಡ್ ಕಾಲದಲ್ಲಿ ಅವರು ಹೋದಾಗ ಇಂಡಿಯಾಕ್ಕೆ ವಿಮಾನವಿರಲಿಲ್ಲ, ಅಸ್ಥಿಯನ್ನು ಅದೇ ಬೀಚಿನಲ್ಲಿ ಬಿಟ್ಟಿದ್ದಿರಿ. ಅದು ನನಗೆ ಗೊತ್ತಿತ್ತು. ಪೋರ್ಚುಗಲ್ಲಿನ ಮಾತು ಗೊತ್ತಿರಲಿಲ್ಲ. "ಆ ಕಡೆ ಬಂದು ಒಂದ್ಸಲ ನೀರು ಮುಟ್ಟಿದ್ರೆ ಅವರ ಮಾತು ನಡೆಸಿದ ಹಾಗಾಗ್ತಿತ್ತು. ಇರ್ಲಿ ಬಿಡಿ" ಎಂದಿರಿ.

"ಮೊದಲೇ ಹೇಳಬಾರದಿತ್ತೇನ್ರೀ?" ಎಂದು ನಾನು ರೇಗಿಬಿಟ್ಟೆ. ನೀವು ನಕ್ಕು, "ನೀವು ಅಷ್ಟು ಆಸೆ ಪಟ್ಟು ಪ್ಲಾನ್ ಮಾಡಿದ್ರಿ. ಗಂಡಿನ ಕಡೆಯವಳು ಅಂತ ನಾನು ಅಡ್ಡ ಮಾತಾಡಿದ್ರೆ ಚೆನ್ನಾಗಿರುತ್ತಾ? ಮುಂದಿನ ವರ್ಷ ಬರೋಣ ಬಿಡಿ" ಎಂದಿರಿ. ನಿಮ್ಮ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಗಳ ಅತ್ತೆಗೆ ಬಯ್ಯಬಾರದು, ಆದರೂ ಬಯ್ಯುತ್ತೇನೆ. ಎಂಥ ದಡ್ಡ ಮರ್ಯಾದೆ ನಿಮ್ಮದು! ನನ್ನದೇನು ಕಡಿಮೆಯೇ? ಮುಂದಿನ ವರ್ಷ ಎನ್ನುವುದು ಇಬ್ಬರಿಗೂ ಇದೆ ಎಂದು ನಂಬಿ ವಿಮಾನ ಹತ್ತಿದೆವು. ಫೆಬ್ರವರಿಯಲ್ಲಿ, ಹಿಮ ಬಿದ್ದ ಒಂದು ಬೆಳಿಗ್ಗೆ, ಕಾಫಿ ಸೋಸುತ್ತಿದ್ದ ನೀವು ಹಾಗೇ ಕುಸಿದಿರಿ. ಆಂಬುಲೆನ್ಸ್ ಬರುವಷ್ಟರಲ್ಲಿ...

ನಿಮ್ಮ ಮನೆಯ ಹಾಲ್‌ನಲ್ಲಿ ಎಲ್ಲರೂ ಕೂತಿದ್ದ ದಿನದ ವಿಷಯ ನಿಮಗೆ ಗೊತ್ತಿಲ್ಲ, ಹೇಳಬೇಕು. ಮೈಸೂರಿನಿಂದ ನಿಮ್ಮ ಅಣ್ಣ ವಿಡಿಯೋ ಕಾಲಿನಲ್ಲಿದ್ದರು. "ಅಸ್ಥಿ ಪೂರ್ತಿ ಇಲ್ಲಿಗೆ ತಗೊಂಡು ಬಾ ನಿಖಿಲ್, ಶ್ರೀರಂಗಪಟ್ಟಣದಲ್ಲಿ ಬಿಡೋಣ. ಭಾವನಿಗಂತೂ ಆಗ್ಲಿಲ್ಲ" ಎನ್ನುತ್ತಿದ್ದರು. ನಿಖಿಲ್ ತಲೆಯಾಡಿಸುತ್ತಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಮನೆಯ ಕರ್ಮದ ವಿಷಯದಲ್ಲಿ ಹೆಣ್ಣಿನ ತಾಯಿ ಬಾಯಿ ಹಾಕುವುದುಂಟೇ? ನಮ್ಮ ಮನೆಯವರು ಕಣ್ಣಿನಲ್ಲೇ ಸುಮ್ಮನಿರು ಎಂದರು. ಸುಮ್ಮನಿದ್ದೆ. ಆಮೇಲೆ ಆ ಮೂರನೆಯ ಕಸ್ಟರ್ಡ್ ಕಣ್ಣ ಮುಂದೆ ಬಂತು ಸುಮಿತ್ರಾ, ನಿಜ ಹೇಳುತ್ತೇನೆ, ಅದೇ ಬಂತು. ಪರಿಚಾರಕ ಎತ್ತಿಕೊಂಡು ಹೋಗುತ್ತಿದ್ದಾನೆ, ನಾವು ನೋಡುತ್ತ ಕೂತಿದ್ದೇವೆ.

"ಸ್ವಲ್ಪ ಉಳಿಸ್ಕೊಳ್ಳಿ" ಎಂದೆ. ಪೋರ್ಚುಗಲ್ಲಿನ ಮಾತನ್ನೆಲ್ಲ ಹೇಳಿದೆ. ನಿಖಿಲ್ ನನ್ನನ್ನೇ ನೋಡುತ್ತ, "ಅಮ್ಮ ನೆವರ್ ಟೋಲ್ಡ್ ಮೀ" ಎಂದ. ನಿಮ್ಮ ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡು, "ಅವಳು ನಿಮ್ಮ ಹತ್ರ ಹೇಳಿದ್ಲಾ?" ಎಂದರು. "ಹೌದು, ಏರ್‌ಪೋರ್ಟಲ್ಲಿ." "ಹಾಗಾದ್ರೆ ನೀವು ಹೇಳಿದ ಹಾಗೇ ಆಗ್ಲಿ ತಾಯಿ" ಎಂದರು.

ಕಾಗದ ಪತ್ರಗಳೆಲ್ಲ ಸಿದ್ಧವಾಗಿವೆ. ಬರುವ ಶುಕ್ರವಾರ ನ್ಯೂಅರ್ಕಿನಿಂದ ನಿಖಿಲ್, ಅನಘಾ, ನಾನು ಹೊರಡುತ್ತಿದ್ದೇವೆ. ಈ ಸಲ ಕೋಟೆಯಿಲ್ಲ, ಮಠವಿಲ್ಲ. ಇಳಿದವರೇ ಆ ಮುಕ್ಕಾಲು ಗಂಟೆಯ ರೈಲು. ನಿಮ್ಮನ್ನು ನಿಮ್ಮ ಯಜಮಾನರ ನೀರಿಗೆ, ಅವರು ಹೇಳಿದ ಕಡೆಯಿಂದಲೇ ಸೇರಿಸುತ್ತೇವೆ. ಆಮೇಲೆ ಆ ಕಾಫಿ ಅಂಗಡಿಗೆ ಹೋಗಿ ನಿಮ್ಮ ಪಾಲಿನ ಕಸ್ಟರ್ಡನ್ನೂ ನಾನೇ ತಿನ್ನುತ್ತೇನೆ. ಯಾರು ತಟ್ಟೆ ಎತ್ತುತ್ತಾರೋ ನೋಡೋಣ.

ಇನ್ನೊಂದು ಮಾತು, ಇದನ್ನು ಏರ್‌ಪೋರ್ಟಿನಲ್ಲಿಯೂ ನಿಮಗೆ ಹೇಳಿರಲಿಲ್ಲ. ನನಗೆ ಟೈಲ್ಸ್ ಕಂಡರೆ ಆಗುವುದಿಲ್ಲ. ಆ ಊರಿನಲ್ಲಿ ನನಗೂ ನೋಡಬೇಕೆನಿಸಿದ್ದು ಸಮುದ್ರವೊಂದೇ. ನಿಮ್ಮ ಹಡಗನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಿದ್ದೇನೆ, ದಿನಾ ಬೆಳಿಗ್ಗೆ ಕಾಫಿ ಮಾಡುವ ಮುಂಚೆ ಒರೆಸುತ್ತೇನೆ.

ನಿಮ್ಮ
ವಿಮಲಾ