ಸೋಯಾ ಹಾಲು ಮತ್ತು ಸೋಮಾರಿ ಅಕ್ಕ

ಸರಸ್ವತಿಪುರಂ, ಮೈಸೂರು
18 ಜನವರಿ 2004

ಚಿರಂಜೀವಿ ಮೃತ್ಯುಂಜಯನಿಗೆ ಅಕ್ಕ ಪಾರ್ವತಿಯ ಆಶೀರ್ವಾದಗಳು.

ನಿನ್ನ ಕಾಗದವೂ ಅದರ ಬೆನ್ನಿಗೇ ಒಂದು ಮೂಟೆ ಸೋಯಾ ಉಂಡೆಯೂ ಬಂದು ತಲುಪಿ ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಕೋಪ ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಇನ್ನು ಕಾದು ಪ್ರಯೋಜನವಿಲ್ಲವೆಂದು ಬರೆಯುತ್ತಿದ್ದೇನೆ.

ಅವ್ವನ ವರ್ಷದ ಸ್ಮರಣೆಗೆ ಸೋಯಾ ಪಲ್ಯ ಮಾಡಿಸು, ಜಂಗಮರೂ ನೆಂಟರೂ ರುಚಿ ನೋಡಲಿ ಎಂದು ಬರೆದಿದ್ದೀಯಲ್ಲ, ನಿನ್ನ ಸೋಯಾ ಏಜೆನ್ಸಿಯ ಪ್ರಚಾರಕ್ಕೆ ಹೆತ್ತವಳ ಸ್ಮರಣೆಯೇ ಬೇಕಾಯಿತೇನೋ? ತುಮಕೂರಿನಲ್ಲಿ ಅಂಗಡಿ ಇಟ್ಟೆ, ಸಂತೋಷ. ಅದನ್ನು ತಂದು ಅವ್ವನ ಹೆಸರಿನ ಎಲೆಯ ಮೇಲೆ ಇಡಬೇಡ. ಇದು ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು, ಹೆಸರುಬೇಳೆ ಕೋಸಂಬರಿ, ಹೋಳಿಗೆ ಮಾಡಿಸುತ್ತೇನೆ. ಮೂಟೆಯ ಬಾಯಿ ಬಿಚ್ಚಿಲ್ಲ, ಬಂದಾಗ ತೆಗೆದುಕೊಂಡು ಹೋಗು.

ನನ್ನ ಥೈರಾಯ್ಡಿನ ಕಥೆ ನಿನಗೆ ಗೊತ್ತು, ಅರ್ಧ ಮಾತ್ರ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು ಎಂದು ಡಾಕ್ಟರು ಹೇಳಿದ್ದರು. ಲಿಂಗಪೂಜೆಯಾಗದೆ ನಮ್ಮ ಮನೆಯಲ್ಲಿ ತೊಟ್ಟು ನೀರೂ ನಾಲಿಗೆಗೆ ತಾಕುವುದಿಲ್ಲ. ಹಾಗಾಗಿ ಪೂಜೆ ಮುಗಿಸಿ ನುಂಗುತ್ತಿದ್ದೆ. ಎರಡು ವರ್ಷದ ಹಿಂದೆ ನೀನು ಒಮ್ಮೆ ಬಂದವನು ನೋಡಿದೆ. "ಬರೀ ನೀರಲ್ಲಿ ಯಾಕಕ್ಕಾ ನುಂಗ್ತೀಯ? ನಮ್ಮ ಸೋಯಾ ಹಾಲಲ್ಲಿ ನುಂಗು. ನಲವತ್ತು ದಾಟಿದ ಹೆಂಗಸರಿಗೆ ಅಮೃತ ಕಣಕ್ಕಾ" ಎಂದೆ. ತಿಂಗಳು ತಿಂಗಳೂ ಹಾಲಿನ ಪುಡಿ ಕಳಿಸಿದೆ. ದಿನವೂ ಮಾತ್ರೆಯ ಜೊತೆಗೇ ಒಂದು ಲೋಟ ಕುಡಿದೆ. ಪೂಜೆಯ ತನಕ ಉಪವಾಸವಿದ್ದವಳಲ್ಲವೇ, ಹೊಟ್ಟೆ ಖಾಲಿಯೇ ಎಂದು ನನ್ನ ಲೆಕ್ಕ. ಡಾಕ್ಟರು ಕೇಳಿದಾಗಲೆಲ್ಲ ಹಾಗೆಯೇ ಹೇಳಿದೆ. ಅವರು ಮಾತ್ರೆಯ ಪ್ರಮಾಣ ಏರಿಸುತ್ತಲೇ ಹೋದರು. ನನ್ನ ಮುಖ ಊದಿತು, ಕೂದಲು ಹಿಡಿ ಹಿಡಿ ಉದುರಿತು, ಅಡುಗೆಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಕೂರಬೇಕೆನಿಸುತ್ತಿತ್ತು.

ಹೋದ ತಿಂಗಳು ಅಕ್ಷತಾ ಎನ್ನುವ ಹೊಸ ಡಾಕ್ಟರು ಸಿಕ್ಕರು. "ಮಾತ್ರೆನ ಯಾವುದರ ಜೊತೆ ತಗೋತೀರಮ್ಮ?" ಎಂದು ಕೇಳಿದವರು ಅವರೊಬ್ಬರೇ. ಹೇಳಿದೆ. ಅವರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಸೋಯಾ ವಿಷ ಅಲ್ಲಮ್ಮ. ಆದ್ರೆ ಜೊತೇಲಿ ಕುಡಿದ್ರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ. ಹಸುವಿನ ಹಾಲೂ ಅಷ್ಟೇ. ಬರೀ ನೀರಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ತಿಂಡಿ ತಿನ್ನಿ. ಸೋಯಾ ಬೇಕೇ ಬೇಕು ಅಂದ್ರೆ ನಾಲ್ಕು ಗಂಟೆ ಆದ್ಮೇಲೆ" ಎಂದರು.

ಬೇಕೇ ಬೇಕು ಎನ್ನಲು ನನಗೇನು ಹುಚ್ಚೇ! ಮನೆಗೆ ಬಂದವಳೇ ನಿನಗೆ ಫೋನು ಮಾಡಿದೆ. ಅಯ್ಯೋ ಎಂಬ ಒಂದು ಮಾತು ನಿನ್ನ ಬಾಯಲ್ಲಿ ಬಂತೇ? "ಊರೆಲ್ಲ ಕುಡೀತದೆ, ನಿಂಗೊಬ್ಳಿಗೆ ಎಂಗಕ್ಕಾ ಹಿಂಗಾಯ್ತು? ಕೂತು ಕೂತು ಮೈ ಬೆಳೆಸ್ಕೊಂಡಿದ್ದೀಯ, ಓಡಾಡು" ಎಂದು ನಕ್ಕೆ. ಫೋನು ಕುಕ್ಕಿದೆ. ನಿಮ್ಮ ಭಾವ ಪಕ್ಕದಲ್ಲೇ ಇದ್ದರು. "ಬುಡೇ ಅತ್ಲಾಗೆ, ತಮ್ಮ ಅಲ್ವಾ" ಎಂದರು. "ತಮ್ಮ ಅಂತಾನೇ ಅಲ್ವೇನ್ರೀ ನಾನು ಕುಡಿದಿದ್ದು?" ಎಂದೆ.

ಈಗ ಪೂಜೆಯಾದ ಮೇಲೆ ನೀರಿನಲ್ಲಿ ಮಾತ್ರೆ, ಆಮೇಲೆ ಕಾದು ರಾಗಿ ಅಂಬಲಿ. ಮಧ್ಯಾಹ್ನಕ್ಕೆ ಹುರುಳಿಯೋ ಅಲಸಂದೆಯೋ ಆಗುತ್ತದೆ. ಮುಖದ ಊತ ಇಳಿಯುತ್ತಿದೆ. ಸೋಯಾದ ಮೇಲೆ ನನಗೇನೂ ದ್ವೇಷವಿಲ್ಲ ಕಣೋ, ಪಾಪ, ಅದೂ ಒಂದು ಕಾಳು. ಓದದೆ, ಕೇಳದೆ ಕಂಡವರಿಗೆಲ್ಲ ವೈದ್ಯ ಹೇಳುವ ನಿನ್ನ ನಾಲಿಗೆಯ ಮೇಲೆ ಸಿಟ್ಟು. ಅಂಗಡಿಗೆ ಬರುವ ಹೆಂಗಸರಿಗೆ ಇನ್ನು ಮುಂದಾದರೂ ಏನೇನು ಮಾತ್ರೆ ನುಂಗುತ್ತೀರಿ ಎಂದು ಕೇಳಿ ಆಮೇಲೆ ಪುಡಿ ಕೊಡು.

ಸ್ಮರಣೆಗೆ ಹಿಂದಿನ ದಿನವೇ ಬಾ. ನಿನ್ನ ಮಗಳು ಲಾಸ್ಯ ಪರೀಕ್ಷೆ ಚೆನ್ನಾಗಿ ಬರೆಯಲಿ. ನಿನಗೂ ನಿನ್ನ ಹೆಂಡತಿಗೂ ಶಿವ ಒಳ್ಳೆಯದು ಮಾಡಲಿ. ಸಿಟ್ಟಿನಲ್ಲಿ ಬರೆದರೂ ಹರಕೆ ಹರಕೆಯೇ.

ನಿನ್ನ ಅಕ್ಕ,
ಪಾರ್ವತಿ

ಮತ್ತೊಂದು ಮಾತು. ಅವ್ವ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ, ಅವಳನ್ನು ಎತ್ತಿ ಕೂರಿಸಲಾಗದೆ ನಾನು ಗೋಡೆ ಹಿಡಿದು ನಿಂತಿದ್ದನ್ನು ನೋಡಿ ನೀನು ಅವಳ ಎದುರೇ ಅಂದೆ: "ಅಕ್ಕ ಸೋಮಾರಿ ಆಗ್ಬುಟ್ಟವ್ಳೆ ಕಣವ್ವಾ, ನಮ್ಮನೆಗೆ ನಡಿ." ಕಾರು ಹತ್ತಿಸುವಾಗ ಅವ್ವ ನನ್ನ ಕೈ ಹಿಡಿದು, "ನಾನು ಭಾರ ಆದೆ ಅಂತ ಬಾಯ್ಬಿಟ್ಟು ಹೇಳ್ಬೋದಿತ್ತಲ್ಲವ್ವಾ, ಸುಸ್ತು ಅಂತ ಯಾಕೆ ನಾಟಕ ಆಡ್ದೆ?" ಎಂದಳು. ತಿಂಗಳು ಕಳೆಯುವುದರೊಳಗೆ ನಿನ್ನ ಮನೆಯಲ್ಲಿ ಹೋಗಿಬಿಟ್ಟಳು. ಸ್ಮರಣೆಯ ದಿನ ಅವ್ವನ ಸಮಾಧಿಯ ಮುಂದೆ ನಿಂತು, ಅಕ್ಕ ನಾಟಕ ಆಡಲಿಲ್ಲ ಎಂದು ಗಟ್ಟಿಯಾಗಿ ಹೇಳು. ನಾನು ಹೇಳಿದರೆ ಅವಳು ನಂಬುವುದಿಲ್ಲ.